ಓದುಗರ ಪ್ರಶ್ನೆ, ಅಕ್ಕನ ಉತ್ತರ: ಅಣ್ಣನ ಕೈಗೆ ದುಡ್ಡು ಕೊಡೋದಾ, ಹಸು ಕೊಡ್ಸೋದಾ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಬೆಂಗಳೂರಲ್ಲಿ ದುಡೀತಿರೋ ತಮ್ಮನೋ ಮಗಳೋ ಊರಲ್ಲಿ ಬೇಸಾಯ ಮಾಡ್ಕೊಂಡು ಕಷ್ಟದಲ್ಲಿರೋ ಮನೆಯವ್ರಿಗೆ ದುಡ್ಡು ಕಳಿಸ್ಬೇಕು ಅಂತಿದಾರೆ, ಆದ್ರೆ ಹೇಗೆ ಕಳಿಸೋದು, ಲೆಕ್ಕ ಕೇಳೋದಾ ಬೇಡ್ವಾ, ಸುಮ್ನೆ ಕೊಟ್ರೆ ಕೆಟ್ಟೋಗ್ತಾರಾ ಅನ್ನೋ ಭಯ. ನಾನು 22 ವರ್ಷ ತುಮಕೂರು, ಕೋಲಾರ ಕಡೆ ಹಳ್ಳಿ ಬ್ರಾಂಚ್‌ಗಳಲ್ಲಿ ಬ್ಯಾಂಕ್ ಕೌಂಟರ್ ಹಿಂದೆ ಕೂತಿದ್ದೋಳು, ಈ ಭಯ ನಂಗೆ ಚೆನ್ನಾಗಿ ಗೊತ್ತು, ಅದಕ್ಕೆ ಈ ಸಂಚಿಕೆ ಪೂರ್ತಿ ಇದಕ್ಕೇ ಇಟ್ಟಿದೀನಿ. ಕೇಳ್ದೋರ ಹೆಸರು ಹಾಕಿಲ್ಲ, ಊರ ಮನೆ ವಿಷಯ ಅಲ್ವಾ.

ಪ್ರಶ್ನೆ: ಅಕ್ಕಾ ನಮಸ್ಕಾರ. ನಾನು ಲಗ್ಗೆರೆಯಲ್ಲಿದೀನಿ, ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರ್. ನಮ್ಮೂರು ಪಾವಗಡ ತಾಲ್ಲೂಕು. ಅಣ್ಣ ಊರಲ್ಲೇ ಇದಾನೆ, 3 ಎಕರೆ ಖುಷ್ಕಿ, ಕಡ್ಲೆಕಾಯಿ ಹಾಕ್ತಾನೆ. ಎರಡು ಬೋರ್ ಕೊರ್ಸಿದ, ಎರಡೂ ಫೇಲು. ಆ ಸಾಲದಲ್ಲಿ ಊರಲ್ಲೇ ಒಬ್ರ ಹತ್ರ 80,000 ಹಾಗೇ ನಿಂತಿದೆ, ನೂರಕ್ಕೆ 3 ರೂಪಾಯಿ ಬಡ್ಡಿ. ಅತ್ತಿಗೆ ಓಲೆ ಅಡ ಇಟ್ಟಾಗಿದೆ. ಈಗ ನಾನು, ಚಿಕ್ಕಪ್ಪನ ಮಕ್ಕಳಿಬ್ರು, ನಮ್ಮ ಭಾವ, ನಾಲ್ಕು ಜನ ತಲಾ 1,500 ಹಾಕಿ ತಿಂಗಳಿಗೆ 6,000 ಥರ ಒಂದು ವರ್ಷ ಕೊಡೋಣ ಅಂತ ಮಾತಾಡ್ಕೊಂಡಿದೀವಿ. ಭಾವ ಹೇಳ್ತಾರೆ, ದುಡ್ಡು ಕೈಗೆ ಕೊಡ್ಬೇಡಿ ಕುಡಿದು ಹಾಳ್ಮಾಡ್ತಾನೆ, ಒಂದು ಸೀಮೆ ಹಸು ಕೊಡ್ಸಿ, ಇಲ್ಲಾ ಬೀಜ ಗೊಬ್ಬರ ಕೊಡ್ಸಿ ಬಿಲ್ ತರಿಸ್ಕೊಳ್ಳಿ ಅಂತ. ಅಣ್ಣ ಸಂತೆ ದಿನ ಸ್ವಲ್ಪ ಕುಡಿಯೋದು ನಿಜ, ಸುಳ್ಳು ಹೇಳಲ್ಲ. ನೀವೇನಂತೀರಿ?

ಉತ್ತರ: ತಮ್ಮಾ, ಮೊದ್ಲು ಹಸು ವಿಷಯ ಮುಗಿಸ್ಬಿಡ್ತೀನಿ, ಯಾಕಂದ್ರೆ ಅದು ನನ್ನ ಎದೇಲಿ ಇವತ್ತಿಗೂ ಇದೆ. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಯೋಜನೇಲಿ ಬಡವರಿಗೆ ಹಸು ಸಾಲ ಕೊಡ್ತಿದ್ವಿ, ಅರ್ಧ ಸಬ್ಸಿಡಿ ಅರ್ಧ ಸಾಲ. ಮಧುಗಿರಿ ಕಡೆ ಒಬ್ಬ ಹೆಣ್ಮಗಳು, ಗಂಡ ತೀರ್ಕೊಂಡಿದ್ದ, ಕೌಂಟರ್ ಮುಂದೆ ನಿಂತು ನಂಗೆ ಹಸು ಬೇಡಮ್ಮಾ ನಾಲ್ಕು ಮೇಕೆ ಕೊಡ್ಸಿ ಸಾಕು ಅಂದ್ಲು. ಫಾರಂನಲ್ಲಿ ಮೇಕೆಗೆ ಜಾಗ ಇರ್ಲಿಲ್ಲ, ಹಸು ಅಂತ ಬರ್ಕೊಂಡ್ವಿ, ಬರ್ದಿದ್ದು ನಾನೇ. ಆ ಊರಲ್ಲಿ ಹಸಿ ಮೇವಿಲ್ಲ, ನೀರು ದೂರದಿಂದ ಹೊತ್ತು ತರ್ಬೇಕು, ಸೀಮೆ ಹಸು ಅಂದ್ರೆ ಕುಡಿಯೋ ನೀರೇ ಎಷ್ಟು ಬೇಕು ಗೊತ್ತಲ್ಲ. ಐದನೇ ತಿಂಗಳಿಗೆ ಅರ್ಧ ರೇಟಿಗೆ ಮಾರಿದ್ಲು, ಸಾಲ ಅವಳ ಹೆಸ್ರಲ್ಲೇ ಉಳೀತು, ನೋಟಿಸ್ ಕಳ್ಸಿದ್ದೂ ನಮ್ಮ ಬ್ರಾಂಚೇ. ಅವಳಿಗೆ ಏನು ಬೇಕು ಅಂತ ಅವಳಿಗೆ ಗೊತ್ತಿತ್ತು, ನಮಗೆ ಗೊತ್ತಿರ್ಲಿಲ್ಲ. ನಿಮ್ಮಣ್ಣಂಗೆ ಹಸು ಬೇಕಿದ್ರೆ ದುಡ್ಡು ಬಂದ್ಮೇಲೆ ಅವನೇ ಹೋಗಿ ನೋಡಿ ಹಲ್ಲು ಎಣಿಸಿ ತರ್ತಾನೆ, ನೀವು ಪೀಣ್ಯದಲ್ಲಿ ಕೂತು ಆರಿಸೋ ಹಸುಗಿಂತ ಅದು ಚೆನ್ನಾಗಿರುತ್ತೆ.

ಇನ್ನು ಕುಡಿತ. ಭಾವ ಹೇಳಿದ್ದು ಎಲ್ಲರೂ ಹೇಳೋ ಮಾತೇ, ಕೀನ್ಯಾದಲ್ಲೂ ಇದನ್ನೇ ಹೇಳಿದ್ರಂತೆ. ಅಲ್ಲಿ ಪಶ್ಚಿಮದ ಕಡೆ, ವಿಕ್ಟೋರಿಯಾ ಸರೋವರದ ಹತ್ರ ರಾರೀಡಾ ಅಂತ ಜಾಗ ಇದೆ, ಅಲ್ಲಿ ಗಿವ್‌ಡೈರೆಕ್ಟ್ಲಿ ಅನ್ನೋ ಸಂಸ್ಥೆ 2011ರಿಂದ ಬಡ ಕುಟುಂಬಗಳಿಗೆ ಏನೂ ಷರತ್ತಿಲ್ಲದೆ ಮೊಬೈಲ್‌ಗೇ ದುಡ್ಡು ಹಾಕ್ತು. ಯಾರು ಬಡವರು ಅಂತ ಕಂಡ್ಹಿಡಿಯೋಕೆ ಉದ್ದುದ್ದ ಫಾರಂ ಇಲ್ಲ, ಮನೆಗೆ ಹುಲ್ಲಿನ ಸೂರು ಇದ್ರೆ ಸಾಕು. ಕೆಲವ್ರಿಗೆ 25,200 ಕೀನ್ಯಾ ಶಿಲಿಂಗ್, ಕೆಲವ್ರಿಗೆ 95,200. ಯಾರಿಗೆ ಕೊಡೋದು ಅಂತ ಚೀಟಿ ಎತ್ತಿದ ಹಾಗೆ ಆರಿಸಿ, ಕೊಟ್ಟವರನ್ನೂ ಕೊಡದೇ ಇದ್ದವರನ್ನೂ ಪಕ್ಕಪಕ್ಕ ಇಟ್ಟು ಹೌಸ್‌ಹೋಫರ್, ಶಪೀರೋ ಅನ್ನೋ ಇಬ್ರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2016ರಲ್ಲಿ ಪ್ರಕಟ ಮಾಡಿದ್ರು. ಹೆಂಡ ತಂಬಾಕಿಗೆ ಖರ್ಚು ಹೆಚ್ಚಾಗಿರ್ಲಿಲ್ಲ. ಊಟಕ್ಕೆ ಜಾಸ್ತಿ ಆಗಿತ್ತು, ದನ ಕರು ಕೋಳಿ ಜಾಸ್ತಿ ಆಗಿತ್ತು, ಬೇಸಾಯದ್ದೂ ಸಣ್ಣ ವ್ಯಾಪಾರದ್ದೂ ವಹಿವಾಟು ಏರಿತ್ತು, ತುಂಬಾ ಜನ ಹುಲ್ಲು ತೆಗೆದು ತಗಡಿನ ಶೀಟ್ ಹಾಕ್ಸಿದ್ರು. ಶೀಟ್ ಅಂದ್ರೆ ಶೋಕಿ ಅಂತ ಅಂದ್ಕೋಬೇಡಿ, ಹುಲ್ಲು ಸೂರಿಗೆ ವರ್ಷ ವರ್ಷ ದುಡ್ಡು ಸುರೀಬೇಕು, ಶೀಟ್ ಒಂದ್ಸಲ ಹಾಕಿದ್ರೆ ವರ್ಷಗಟ್ಟಲೆ ಆ ಖರ್ಚಿಲ್ಲ, ನಮ್ಮ ಕಡೆ ಸೋಗೆ ಮನೇಲಿ ಬೆಳೆದೋರ್ನ ಕೇಳಿ ಹೇಳ್ತಾರೆ. ಗಂಡಂದಿರು ಹೆಂಡ್ತೀರಿಗೆ ಹೊಡೆಯೋದು ಕಮ್ಮಿ ಆಗಿತ್ತು. ಮನಸ್ಸಿನ ನೆಮ್ಮದಿ ಜಾಸ್ತಿ ಆಗಿತ್ತು, ಅದನ್ನೂ ಅಳೆದಿದಾರೆ.

ಒಂದೇ ಕಡೆ ಅಲ್ಲ. ವಿಶ್ವ ಬ್ಯಾಂಕಿನ ಇಬ್ರು, ಇವಾನ್ಸ್ ಮತ್ತೆ ಪೊಪೋವಾ, 2014ರಲ್ಲಿ ಬೇರೆ ಬೇರೆ ದೇಶಗಳ 19 ಅಧ್ಯಯನ ಒಟ್ಟಿಗೆ ಇಟ್ಕೊಂಡು ನೋಡಿದ್ರು, ಬಡವ್ರ ಕೈಗೆ ನಗದು ಕೊಟ್ರೆ ಕುಡಿತ ಬೀಡಿ ಸಿಗರೇಟು ಹೆಚ್ಚಾಗುತ್ತಾ ಅಂತ. ಹೆಚ್ಚಾಗಲ್ಲ ಅನ್ನೋದೇ ಬಂತು, ಕೆಲವು ಕಡೆ ಕಮ್ಮಿನೇ ಆಗಿತ್ತು. ನಂಗೆ ಇದ್ರಲ್ಲಿ ಆಶ್ಚರ್ಯ ಏನೂ ಇಲ್ಲ. ನಿಮ್ಮಣ್ಣ ಸಂತೆ ದಿನ ಕುಡಿಯೋದು ಕೈಲಿ 6,000 ಇದೆ ಅಂತ ಅಲ್ಲ, ಅವತ್ತು ಕೂಲಿ ದುಡ್ಡು 200 ಕೈಲಿರುತ್ತೆ, ಬಡ್ಡಿ ಕೇಳೋನು ಸಂತೇಲೇ ಎದುರಿಗೆ ಸಿಗ್ತಾನೆ, ಅದಕ್ಕೆ. ಆದ್ರೂ ಒಂದು ಮಾತು ಬಿಡಿಸಿ ಹೇಳ್ತೀನಿ, ಕುಡಿತ ಚಟ ಆಗಿ ಬೆಳಿಗ್ಗೆಯಿಂದಾನೇ ಶುರು ಅನ್ನೋ ಸ್ಥಿತಿ ಇದ್ರೆ ದುಡ್ಡು ಅತ್ತಿಗೆ ಖಾತೆಗೆ ಹಾಕಿ, ಅಣ್ಣಂಗೆ ಡಾಕ್ಟರ್ ತೋರ್ಸಿ, ಅದು ಬೇರೆ ವಿಷಯ. ನಿಮ್ಮ ಪತ್ರ ನೋಡಿದ್ರೆ ಹಾಗಿಲ್ಲ.

ಈಗ ನಿಜವಾದ ಪ್ರಶ್ನೆಗೆ ಬರೋಣ, ನೀವದನ್ನ ಕೇಳೇ ಇಲ್ಲ. ತಿಂಗಳು ತಿಂಗಳು ಕೊಡೋದಾ, ಒಂದೇ ಸಲ ದೊಡ್ಡ ಮೊತ್ತ ಕೊಡೋದಾ. ರಾರೀಡಾದಲ್ಲಿ ಎರಡೂ ಥರ ಕೊಟ್ಟು ನೋಡಿದ್ರು. ತಿಂಗಳು ತಿಂಗಳು ಬಂದೋರ ಮನೇಲಿ ಊಟಕ್ಕೆ ತೊಂದ್ರೆ ಕಮ್ಮಿ ಆಯ್ತು, ಒಟ್ಟಿಗೆ ಬಂದೋರು ಶೀಟು, ದನ ಥರ ನಿಲ್ಲೋ ವಸ್ತು ಮಾಡ್ಕೊಂಡ್ರು. ನಿಮ್ಮಣ್ಣನ ಲೆಕ್ಕ ಹಾಕಿ ನೋಡಿ. 80,000ಕ್ಕೆ ನೂರಕ್ಕೆ 3 ಅಂದ್ರೆ ತಿಂಗಳಿಗೆ 2,400 ಬರೀ ಬಡ್ಡಿ. ನೀವು ಕೊಡೋ 6,000ದಲ್ಲಿ 2,400 ನೇರ ಆ ಮನುಷ್ಯನ ಮನೆಗೆ ಹೋಗುತ್ತೆ, ವರ್ಷಕ್ಕೆ 28,800, ವರ್ಷ ಮುಗಿದ್ಮೇಲೂ ಅಸಲು 80,000 ಹಾಗೇ ಕೂತಿರುತ್ತೆ. ಅದೇ ನಾಲ್ಕೂ ಜನ ಮೊದ್ಲೇ ಹೊಂದಿಸಿ 40,000 ಒಟ್ಟಿಗೆ ಕೊಟ್ಟು ಅಣ್ಣ ಅರ್ಧ ಅಸಲು ಮುರಿದ್ರೆ ಬಡ್ಡಿ 1,200ಕ್ಕೆ ಇಳಿಯುತ್ತೆ, ವರ್ಷಕ್ಕೆ 14,400 ಮಿಕ್ಕುತ್ತೆ. ಉಳಿದ 32,000 ಬಿಡಿ ಬಿಡಿಯಾಗಿ ಕೊಡ್ಬೋದು. ಆವಾಗ ಮನೆ ಖರ್ಚಿಗೆ ಕೈ ಬಿಗಿಯಾಗುತ್ತೆ, ಅದೂ ನಿಜ, ತಿಂಗಳಿಗೆ ಸಿಗೋದು ಕಮ್ಮಿ. ಅದಕ್ಕೇ ನಾನು ಹೀಗೇ ಮಾಡಿ ಅಂತ ಹೇಳಲ್ಲ. ಈ ಲೆಕ್ಕ ಒಂದು ಪೇಪರ್ ಮೇಲೆ ಬರ್ದು ಅಣ್ಣ ಅತ್ತಿಗೆ ಇಬ್ರ ಮುಂದೆ ಇಡಿ, ನಿಮಗೆ ಹೇಗೆ ಬೇಕು ಅಂತ ಕೇಳಿ, ಅವರು ಹೇಳಿದ ಹಾಗೆ ಕೊಡಿ. ಅತ್ತಿಗೆ ಮನಸ್ಸಲ್ಲಿ ಓಲೆ ಬಿಡಿಸ್ಕೊಳ್ಳೋದೇ ಮೊದ್ಲು ಅಂತ ಇರ್ಬೋದು, ಅದು ನಿಮಗೂ ನಂಗೂ ದಂಡ ಅನ್ನಿಸ್ಬೋದು, ಅವ್ರಿಗೆ ಮದುವೆ ಮನೇಲಿ ಬರಿ ಕಿವೀಲಿ ನಿಂತು ಎಷ್ಟು ಸಲ ಆಗಿದೆಯೋ ಯಾರಿಗೊತ್ತು.

ಯಾವಾಗ ಕೊಡ್ತೀರಿ ಅನ್ನೋದೂ ಅಷ್ಟೇ ಮುಖ್ಯ. ಪಾವಗಡದಲ್ಲಿ ಕಡ್ಲೆಕಾಯಿ ಬಿತ್ತೋದು ಜೂನ್ ಜುಲೈ, ಕೀಳೋದು ದೀಪಾವಳಿ ಆಸುಪಾಸು. ಬಿತ್ತನೆ ಹೊತ್ತಿಗೆ ಕೈಲಿ ಕಾಸಿಲ್ಲ ಅಂದ್ರೆ ಏನ್ ಮಾಡ್ತಾರೆ, ಮಂಡಿಯವ್ರ ಹತ್ರ ಬೀಜ ಗೊಬ್ಬರ ಸಾಲಕ್ಕೆ ತರ್ತಾರೆ, ಆ ಸಾಲ ಇದ್ರೆ ಕಾಯಿ ಅವ್ರಿಗೇ ಹಾಕ್ಬೇಕು, ಅವ್ರು ಹೇಳಿದ ರೇಟಿಗೆ, ಅವ್ರ ತಕ್ಕಡೀಲಿ, ಕಿತ್ತ ವಾರದಲ್ಲೇ, ಯಾವಾಗ ರೇಟ್ ತಳ ಮುಟ್ಟಿರುತ್ತೋ ಆವಾಗ. ಮೇ ಕೊನೆಗೆ ದುಡ್ಡು ಕೈ ಸೇರಿದ್ರೆ ಈ ಕೊಂಡಿ ಕಳಚುತ್ತೆ, ಕಾಯಿ ಒಣಗಿಸಿ ಮೂಟೆ ಕಟ್ಟಿಟ್ಟು ಒಂದೆರಡು ತಿಂಗಳು ಕಾಯೋ ಧೈರ್ಯ ಬರುತ್ತೆ. ಅದೇ ದುಡ್ಡು ಆಗಸ್ಟಲ್ಲಿ ಬಂದ್ರೆ ಬಿತ್ತನೆ ಸಾಲಕ್ಕೆ ಬಡ್ಡಿ ಕಟ್ಟೋಕೆ ಆಗುತ್ತೆ ಅಷ್ಟೆ.

ಇನ್ನೊಂದು ವಿಷಯ, ಇದು ನಮ್ಮ ಪಕ್ಕದ ತಮಿಳುನಾಡಿಂದು. ಕಬ್ಬು ಬೆಳೆಯೋ 464 ರೈತರಿಗೆ ಕಟಾವಿಗೆ ಮುಂಚೆ ಒಂದ್ಸಲ, ಕಟಾವಾಗಿ ದುಡ್ಡು ಬಂದ್ಮೇಲೆ ಒಂದ್ಸಲ, ಒಗಟು ಬಿಡಿಸೋ ಥರದ ಪರೀಕ್ಷೆ ಕೊಟ್ರು. ಅದೇ ಮನುಷ್ಯ ಕಾಸಿಲ್ಲದ ಹೊತ್ತಲ್ಲಿ ಕಮ್ಮಿ ಅಂಕ, ಕಾಸು ಬಂದ್ಮೇಲೆ ಜಾಸ್ತಿ ಅಂಕ. 2013ರಲ್ಲಿ ಸೈನ್ಸ್ ಪತ್ರಿಕೇಲಿ ಬಂತು. ಸಾಲದ ಚಿಂತೆ ತಲೆ ತುಂಬಾ ಕೂತಿದ್ರೆ ಬೇರೆ ಯೋಚನೆಗೆ ಜಾಗ ಎಲ್ಲಿರುತ್ತೆ. ಭಾವ ಅಂದ್ಕೊಂಡಿರೋದು ಅಣ್ಣಂಗೆ ಬುದ್ಧಿ ಇಲ್ಲ ಅದಕ್ಕೆ ದುಡ್ಡು ಉಳಿಯಲ್ಲ ಅಂತ, ಆ ರೈತರನ್ನ ನೋಡಿದ್ರೆ ದುಡ್ಡಿಲ್ಲದ್ದಕ್ಕೇ ಬುದ್ಧಿ ಓಡ್ತಿರಲ್ಲ. ಭಾವಂಗೆ ಇದನ್ನ ಓದಿ ಹೇಳಿ.

ಕೊನೇಗೆ ಒಂದು ಬ್ಯಾಂಕ್ ಕೆಲಸದ ಮಾತು. ಅಣ್ಣಂಗೆ ಬೆಳೆ ಸಾಲ ಸುಸ್ತಿ ಇರೋ ಬ್ಯಾಂಕಿನ ಖಾತೆಗೆ ಈ ದುಡ್ಡು ಹಾಕ್ಬೇಡಿ, ಸಾಲಕ್ಕೆ ಜಮಾ ಆಗ್ಬಿಡುತ್ತೆ, ಕಣ್ಣಾರೆ ನೋಡಿದೀನಿ. ಅತ್ತಿಗೆ ಹೆಸ್ರಲ್ಲಿ ಪೋಸ್ಟ್ ಆಫೀಸಲ್ಲಿ ಖಾತೆ ಮಾಡ್ಸಿ. ತಾರೀಕು ಮೊದ್ಲೇ ಹೇಳಿ, ಹೇಳಿದ ತಾರೀಕಿಗೆ ಹಾಕಿ. ಬಿಲ್ ಕೇಳ್ಬೇಡಿ. ತಮ್ಮನಿಗೆ ಬಿಲ್ ತೋರ್ಸೋ ಅಣ್ಣ ಆಮೇಲೆ ಹಬ್ಬಕ್ಕೂ ಬಾ ಅಂತ ಮನಸಾರೆ ಕರೆಯಲ್ಲ.

ಪ್ರಶ್ನೆ: ಅಕ್ಕ, ನಾನು ಹೆಗ್ಗನಹಳ್ಳಿ, ಗಾರ್ಮೆಂಟ್ಸಲ್ಲಿ ಕೆಲಸ. ಅಮ್ಮ ಚಿಂತಾಮಣಿ ತಾಲ್ಲೂಕಲ್ಲಿ ಇದಾರೆ, ಒಂದೂವರೆ ಎಕರೆ, ರಾಗಿ, ಸ್ವಲ್ಪ ಟೊಮೇಟೊ. ಅಮ್ಮಂಗೆ ಗೃಹಲಕ್ಷ್ಮಿ 2,000 ಬರುತ್ತೆ. ಆದ್ರೆ ಬಂದ ದಿನಾನೇ ಸಂಘದ ಸಾಲದ ವಾರದ ಕಂತಿನವ್ನು ಬಾಗ್ಲಲ್ಲಿ ನಿಂತಿರ್ತಾನೆ, ಮಿಕ್ಕಿದ್ದು ತಮ್ಮ ಪೆಟ್ರೋಲಿಗೆ ಕೇಳ್ತಾನೆ. ಅಮ್ಮನ ಕೈಲಿ ಒಂದ್ರಾತ್ರಿನೂ ಉಳಿಯಲ್ಲ. ಇಂಥ ದುಡ್ಡಿಂದ ಏನ್ ಪ್ರಯೋಜನ ಅಕ್ಕಾ, ಬೇಜಾರಾಗುತ್ತೆ.

ಉತ್ತರ: ಬೇಜಾರಾಗೋದು ಸಹಜಾನೇ ಕಣಮ್ಮ. ಆದ್ರೆ ಒಂದು ಲೆಕ್ಕ ಉಲ್ಟಾ ಹಾಕಿ ನೋಡು, ಆ 2,000 ಇಲ್ದಿದ್ರೆ ಆ ವಾರದ ಕಂತು ಎಲ್ಲಿಂದ ಹೋಗ್ತಿತ್ತು? ರಾಗಿ ಮೂಟೆಯಿಂದ, ಇಲ್ಲಾ ಇನ್ನೊಂದು ಸಂಘದ ಸಾಲದಿಂದ. 2023ರ ಆಗಸ್ಟ್ 30ಕ್ಕೆ ಮೈಸೂರಲ್ಲಿ ಶುರುವಾದಾಗಿಂದ ಮನೆ ಯಜಮಾನಿ ಹೆಸ್ರಿಗೇ ಬರೋ ದುಡ್ಡು ಇದು, ಅಮ್ಮನ ಹೆಸ್ರಲ್ಲಿ ಇದಕ್ಕೆ ಮುಂಚೆ ಏನಿತ್ತು ಹೇಳು, ಪಹಣೀನೂ ಅಪ್ಪನ ಹೆಸ್ರಲ್ಲೇ ಇರುತ್ತೆ. ಸಾಲ ತೀರೋವರೆಗೂ ಈ ದುಡ್ಡು ಸಾಲಾನೇ ತಿನ್ನುತ್ತೆ, ತೀರಿದ ಮರುದಿನ ಅದು ಅಮ್ಮಂದು.

ಅದಕ್ಕೆ ಮೊದಲ ಕೆಲಸ, ಹೊಸ ಸಾಲ ಎತ್ತದೇ ಇರೋ ಹಾಗೆ ನೋಡ್ಕೊಳ್ಳೋದು. ಒಂದು ಸಂಘದ್ದು ತೀರಿಸೋಕೆ ಇನ್ನೊಂದು ಸಂಘ, ಕೋಲಾರ ಚಿಕ್ಕಬಳ್ಳಾಪುರ ಕಡೆ ಮನೆ ಮನೇಲೂ ಇದೇ ಕಥೆ. ಕಂತಿನವ್ನು ಬಾಗ್ಲಲ್ಲಿ ಕೂತು ಕೂಗಾಡಿದ್ರೆ, ಬೆದರಿಸಿದ್ರೆ, ಸಾಮಾನು ಎತ್ಕೊಂಡು ಹೋಗ್ತೀನಿ ಅಂದ್ರೆ ಸುಮ್ನಿರ್ಬೇಡಿ. 2025ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಕಿರು ಸಾಲ ವಸೂಲಿ ಕಿರುಕುಳಕ್ಕೇ ಅಂತ ಕಾನೂನು ಬಂದಿದೆ, 10 ವರ್ಷದವರೆಗೂ ಜೈಲು, 5 ಲಕ್ಷದವರೆಗೂ ದಂಡ. ಪೊಲೀಸ್ ಸ್ಟೇಷನ್‌ಗೆ ಅಮ್ಮ ಒಬ್ರೇ ಹೋಗೋದು ಬೇಡ, ಸಂಘದ ನಾಲ್ಕು ಹೆಂಗಸರು ಜೊತೆಗೆ ಹೋಗ್ಲಿ.

ಇನ್ನು ಉಳಿಯಲ್ಲ ಅನ್ನೋದಕ್ಕೆ, ನಿಂಗೊಂದು ವಿಷಯ ಹೇಳ್ತೀನಿ ಖುಷಿ ಆಗುತ್ತೆ. ಕೀನ್ಯಾದಲ್ಲೇ ಇನ್ನೊಂದು ದೊಡ್ಡ ಪ್ರಯೋಗ ನಡೀತಿದೆ, ಕೆಲವು ಹಳ್ಳಿಗಳಿಗೆ 12 ವರ್ಷ ತಿಂಗಳು ತಿಂಗಳು, ಕೆಲವಕ್ಕೆ ಎರಡೇ ವರ್ಷ, ಕೆಲವಕ್ಕೆ ಒಂದೇ ಸಲ ಒಟ್ಟಿಗೆ. 2023ರಲ್ಲಿ ಮೊದಲ ಫಲಿತಾಂಶ ಬಂತು. ಒಟ್ಟಿಗೆ ಬಂದೋರು, 12 ವರ್ಷ ಬರುತ್ತೆ ಅಂತ ಗೊತ್ತಿದ್ದೋರು ಹೊಸ ವ್ಯಾಪಾರ ಶುರು ಮಾಡೋದ್ರಲ್ಲಿ ಮುಂದಿದ್ರು, ಎರಡೇ ವರ್ಷ ತಿಂಗಳಾ ಬಂದೋರು ಹಿಂದೆ. 12 ವರ್ಷದೋರು ತಿಂಗಳ ಸಣ್ಣ ದುಡ್ಡನ್ನ ಹೇಗೆ ದೊಡ್ಡದು ಮಾಡ್ಕೊಂಡ್ರು ಗೊತ್ತಾ, ಚೀಟಿ ಹಾಕಿ! ನಮ್ಮ ಥರಾನೇ, ಹತ್ತು ಜನ ಸೇರಿ ತಿಂಗಳಿಗೊಬ್ರಿಗೆ ಪೂರ್ತಿ ದುಡ್ಡು. ಮುಂದೇನೂ ಬರುತ್ತೆ ಅನ್ನೋ ನಂಬಿಕೆ ಇದ್ರೆ ಚೀಟಿ ಹಾಕೋಕೆ ಧೈರ್ಯ ಬರುತ್ತೆ. ಅಮ್ಮಂಗೂ ಹೇಳು, ಬೀದೀಲಿರೋ ಗೊತ್ತಿರೋ ಹೆಂಗಸ್ರ ಜೊತೆ 500ರ ಒಂದು ಚೀಟಿ, ದುಡ್ಡು ಬಿದ್ದ ದಿನಾನೇ ಅಲ್ಲಿಗೆ ಹೋಗ್ಬಿಟ್ರೆ ತಮ್ಮನ ಪೆಟ್ರೋಲಿಗೆ ಇಲ್ಲ ಅನ್ನೋಕೆ ಒಂದು ಕಾರಣ ಸಿಗುತ್ತೆ. ಗೊತ್ತಿಲ್ಲದ ಏಜೆಂಟ್‌ಗಳ ಚೀಟಿಗೆ ಮಾತ್ರ ಬೇಡ. ತಮ್ಮನ ಹತ್ರ ನೀನೇ ಮಾತಾಡು, ಅಮ್ಮನ ಕೈಲಿ ಆಗಲ್ಲ.

ಪ್ರಶ್ನೆ: ಬಸವನಗುಡಿಯ ನಿವೃತ್ತ ಶಿಕ್ಷಕ. ತಿಪಟೂರಿನಲ್ಲಿ ಪಿತ್ರಾರ್ಜಿತ ತೆಂಗಿನ ತೋಟ ಇದೆ. ಈ ಭಾಗ್ಯಗಳು ಗ್ಯಾರಂಟಿಗಳು ಬಂದ ಮೇಲೆ ಕೆಲಸಕ್ಕೆ ಆಳು ಸಿಗುವುದಿಲ್ಲ, ಜನ ಸೋಮಾರಿಗಳಾಗಿದ್ದಾರೆ. ದುಡಿಯದೆ ಬಂದ ಹಣ ಮನುಷ್ಯನನ್ನು ಕೆಡಿಸುತ್ತದೆ ಎಂದು ನಾನು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವನು. ನೀವು ಒಪ್ಪುತ್ತೀರಾ?

ಉತ್ತರ: ಮೇಷ್ಟ್ರೇ, ನಿಮ್ಮ ಕಷ್ಟ ಸುಳ್ಳಲ್ಲ, ತೋಟಕ್ಕೆ ಆಳು ಸಿಗ್ದೇ ಕಾಯಿ ಕೀಳಿಸೋಕಾಗದೆ ಒದ್ದಾಡೋರ್ನ ನಾನೂ ನೋಡಿದೀನಿ. ಆದ್ರೆ ಸೋಮಾರಿ ಅನ್ನೋ ಮಾತು ಒಪ್ಪಲ್ಲ, ಗೌರವದಿಂದಾನೇ ಹೇಳ್ತೀನಿ.

ನಮ್ಮ ದೇಶದ್ದೇ ಉದಾಹರಣೆ. 2011-12ರಲ್ಲಿ ಮಧ್ಯಪ್ರದೇಶದ ಇಂದೋರ್ ಕಡೆ 8 ಹಳ್ಳಿಗಳಲ್ಲಿ ಸೇವಾ ಅನ್ನೋ ಹೆಂಗಸರ ಸಂಘಟನೆ, ಯುನಿಸೆಫ್ ಸಹಾಯದಿಂದ ಒಂದು ಪ್ರಯೋಗ ಮಾಡ್ತು. ಹಳ್ಳೀಲಿ ಬಡವ ಶ್ರೀಮಂತ ಅಂತ ನೋಡದೆ ದೊಡ್ಡೋರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100, ಒಂದು ವರ್ಷ ಆದ್ಮೇಲೆ 300 ಮತ್ತೆ 150. ಷರತ್ತು ಏನೂ ಇಲ್ಲ. ಅಲ್ಲಿ ಏನಾಯ್ತು ಅಂದ್ರೆ ಕೂಲಿಗೆ ಹೋಗ್ತಿದ್ದ ಸಣ್ಣ ರೈತರು ತಮ್ಮ ಹೊಲಕ್ಕೆ ವಾಪಸ್ ಬಂದ್ರು. ಬೀಜಕ್ಕೆ ಗೊಬ್ಬರಕ್ಕೆ ಸ್ವಲ್ಪ ಕಾಸು ಕೈಗೆ ಬಂತು, ತಮ್ಮ ತುಂಡು ಭೂಮೀಲೇ ಜಾಸ್ತಿ ಹೊತ್ತು ದುಡಿಯೋಕೆ ಶುರು ಮಾಡಿದ್ರು, ಆಡು ಕುರಿ ಕೋಳಿ ಹೆಚ್ಚಾಯ್ತು, ಮಕ್ಕಳು ಸ್ಕೂಲಿಗೆ ಹೋಗೋದೂ ಹೆಚ್ಚಾಯ್ತು. ಅಲ್ಲಿದ್ದ ದೊಡ್ಡ ಜಮೀನ್ದಾರ್ರ ಕಣ್ಣಿಂದ ನೋಡಿದ್ರೆ ಆಳು ಮಾಯ, ಆ ಆಳಿನ ಹೊಲದ ಬದುವಿನ ಮೇಲೆ ನಿಂತು ನೋಡಿದ್ರೆ ಅವನು ಮೊದಲಿಗಿಂತ ಜಾಸ್ತಿ ಬೆವರು ಸುರಿಸ್ತಿದಾನೆ. ಆಮೇಲೆ ನೊಬೆಲ್ ತಗೊಂಡ ಅಭಿಜಿತ್ ಬ್ಯಾನರ್ಜಿ ಮತ್ತೆ ಜೊತೆಯವ್ರು 2017ರಲ್ಲಿ ಆರು ದೇಶಗಳ ಏಳು ಸರ್ಕಾರಿ ನಗದು ಯೋಜನೆಗಳನ್ನ ಒಟ್ಟಿಗೆ ನೋಡಿದ್ರು, ದುಡ್ಡು ಬಂದಿದ್ದಕ್ಕೆ ಜನ ಕೆಲಸ ಬಿಟ್ರು ಅನ್ನೋದಕ್ಕೆ ಎಲ್ಲೂ ಸರಿಯಾದ ಆಧಾರ ಸಿಗ್ಲಿಲ್ಲ.

ಮೇಷ್ಟ್ರೇ, 2,000 ರೂಪಾಯಿ ಇಟ್ಕೊಂಡು ಒಂದು ಮನೆ ತಿಂಗಳು ಪೂರ್ತಿ ಕೂತು ಉಣ್ಣೋಕಾಗುತ್ತಾ ನೀವೇ ಹೇಳಿ, ಅಡುಗೆ ಎಣ್ಣೆ ಬೇಳೆ ಲೆಕ್ಕ ನಿಮಗೂ ಗೊತ್ತು. ಆಗೋದೇನು ಅಂದ್ರೆ ಮುಂಚೆ ಕೊಟ್ಟಷ್ಟು ಕೂಲಿಗೆ, ಕರೆದ ತಕ್ಷಣ, ಮೈ ಹುಷಾರಿಲ್ದಿದ್ರೂ ಬರ್ತಿದ್ದೋರು ಈಗ ಕೂಲಿ ಎಷ್ಟು ಅಂತ ಮೊದ್ಲು ಕೇಳ್ತಾರೆ. ಅದು ನಿಮಗೆ ಖರ್ಚಿನ ಬಾಬ್ತು, ಒಪ್ಕೋತೀನಿ, ತೆಂಗಿನ ರೇಟ್ ಬಿದ್ದ ವರ್ಷ ಅದು ಚೆನ್ನಾಗೇ ನೋಯಿಸುತ್ತೆ. ಆದ್ರೆ ಕೂಲಿಗೆ ಬರೋ ಆ ಹೆಂಗಸಿಗೆ ಇಲ್ಲ ಅನ್ನೋಕೆ ಒಂದು ಅವಕಾಶ ಬಂದಿದ್ದು ಕೆಡುಕು ಅಂತ ನನ್ನ ಬಾಯಲ್ಲಿ ಬರಲ್ಲ. ಇನ್ನು ದುಡಿಯದೆ ಬಂದ ದುಡ್ಡು ಅಂದ್ರಲ್ಲ, ಪಿತ್ರಾರ್ಜಿತ ತೋಟ ನಿಮ್ಮನ್ನ ಕೆಡಿಸಿಲ್ಲ, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೀರಿ. ಅಪ್ಪ ಬಿಟ್ಟುಹೋದ ಆಸರೆ ನಿಮಗೆ ಒಳ್ಳೇದು ಮಾಡಿದ ಹಾಗೇ ಅವರಿಗೂ ಮಾಡುತ್ತೆ ಅಂತ ನಂಬಿ.

ಪ್ರಶ್ನೆ: ಹೆಬ್ಬಾಳದ ಹತ್ರ ಕೃಷಿ ಓದ್ತಿರೋ ಸ್ಟೂಡೆಂಟ್. ಹಳ್ಳೀಲಿ ಎಲ್ಲರಿಗೂ ಒಟ್ಟಿಗೆ ದುಡ್ಡು ಕೊಟ್ರೆ ಅಂಗಡಿ ರೇಟ್ ಏರಲ್ವಾ ಮೇಡಂ? ಒಬ್ರಿಗೆ ಕೊಟ್ಟು ಪಕ್ಕದ ಮನೆಗೆ ಕೊಡ್ದಿದ್ರೆ ಹೊಟ್ಟೆಕಿಚ್ಚು ಬರಲ್ವಾ?

ಉತ್ತರ: ಎರಡೂ ಒಳ್ಳೇ ಪ್ರಶ್ನೆ. ಕೀನ್ಯಾದ ಸಿಯಾಯ ಜಿಲ್ಲೇಲಿ 653 ಹಳ್ಳಿ ತಗೊಂಡು ಸುಮಾರು 10,500 ಮನೆಗಳಿಗೆ ತಲಾ 1,000 ಡಾಲರ್ ಹತ್ರ ಹತ್ರ ಕೊಟ್ರು, ಅಲ್ಲಿಯ ಇಡೀ ವಹಿವಾಟಿಗೆ ಹೋಲಿಸಿದ್ರೆ ಭಾರೀ ದೊಡ್ಡ ದುಡ್ಡು. ರೇಟ್ ಏರಿದ್ದು ಶೇಕಡಾ 0.1 ಅಷ್ಟೆ. ಒಂದು ಡಾಲರ್ ಹೋದ ಕಡೆ ಊರಿನ ಆರ್ಥಿಕತೆ ಸುಮಾರು ಎರಡೂವರೆ ಡಾಲರ್‌ನಷ್ಟು ಬೆಳೀತು, ದುಡ್ಡು ಸಿಗದೇ ಇದ್ದ ಮನೆಗಳಿಗೂ ಅಂಗಡಿ ವ್ಯಾಪಾರದಲ್ಲಿ, ಕೂಲೀಲಿ ಅದರ ಪಾಲು ಸಿಕ್ತು. ಅಂಗಡಿಯವ್ನು, ಹಿಟ್ಟಿನ ಮಿಷಿನ್ನಿನವ್ನು ಸುಮಾರು ಹೊತ್ತು ಖಾಲಿ ಕೂತಿರ್ತಾರಲ್ಲ, ಗಿರಾಕಿ ಬಂದ್ರೆ ರೇಟ್ ಏರಿಸೋ ಬದ್ಲು ಜಾಸ್ತಿ ಮಾರ್ತಾರೆ.

ಹೊಟ್ಟೆಕಿಚ್ಚು ನಿಜ. ರಾರೀಡಾದಲ್ಲಿ ಪಕ್ಕದ ಮನೆಯವ್ರಿಗೆ ಸಿಕ್ಕಿ ತಮಗೆ ಸಿಗದೇ ಇದ್ದೋರ ಮನಸ್ಸು ಮುದುಡಿತ್ತು, ತಮ್ಮ ಬದುಕಿನ ಬಗ್ಗೆ ಬೇಸರ ಹೆಚ್ಚಾಗಿತ್ತು, ಆಮೇಲಾಮೇಲೆ ಇಳೀತು. ಅದಕ್ಕೇ ಮನೆಯವ್ರು ಮನೆಯವ್ರಿಗೆ ಕೊಡೋದಾದ್ರೆ ಜಗಲೀಲಿ ಕೂತು ಹೇಳ್ಕೊಂಡು ಕೊಡ್ಬಾರ್ದು.

ಪ್ರಶ್ನೆ: ನಮ್ಮ ಮಾವ ಹತ್ತು ವರ್ಷದಿಂದ ಬೇರೆಯವ್ರ 4 ಎಕರೆ ಗುತ್ತಿಗೆಗೆ ಮಾಡ್ತಿದಾರೆ, ಪಿಎಂ ಕಿಸಾನ್ 2,000 ಜಮೀನಿನ ಓನರ್‌ಗೆ ಬರುತ್ತೆ, ಓನರ್ ಇರೋದು ರಾಜಾಜಿನಗರದಲ್ಲಿ. ಮಾವಂಗೆ ಯಾಕೆ ಬರಲ್ಲ? — ನಾಗರಬಾವಿಯಿಂದ

ಉತ್ತರ: ಯೋಜನೆ ನಡೆಯೋದೇ ಪಹಣಿ ಹೆಸರಿನ ಮೇಲೆ, ಅದಕ್ಕೆ. 2019ರ ಫೆಬ್ರವರಿ 24ಕ್ಕೆ ಶುರುವಾಯ್ತು, ವರ್ಷಕ್ಕೆ 6,000, ಮೂರು ಕಂತು, ಜಮೀನು ಯಾರ ಹೆಸ್ರಲ್ಲಿದೆಯೋ ಅವ್ರಿಗೆ. ನಮ್ಮ ರಾಜ್ಯದಲ್ಲಿ ಇನ್ನೊಂದು ತೊಡಕಿದೆ, 1974ರ ಭೂ ಸುಧಾರಣೆ ಆದ್ಮೇಲೆ ಗೇಣಿಗೆ ಕೊಡೋದೇ ಕಾನೂನು ಪ್ರಕಾರ ಇಲ್ಲ, ಹಾಗಾಗಿ ಗುತ್ತಿಗೆ ಎಲ್ಲಾ ಬಾಯಿ ಮಾತು, ಕಾಗದ ಮಾಡ್ಕೊಡೋಕೆ ಓನರ್ ಹೆದರ್ತಾರೆ. ತೆಲಂಗಾಣದಲ್ಲಿ 2018ರಲ್ಲಿ ಎಕರೆಗೆ ಇಷ್ಟು ಅಂತ ರೈತ ಬಂಧು ತಂದಾಗಲೂ ಗುತ್ತಿಗೆಯವ್ರು ಹೊರಗೇ ಉಳಿದ್ರು. ಒಡಿಶಾದವ್ರು ಕಾಲಿಯಾ ಯೋಜನೆ ಮಾಡಿದಾಗ ಭೂಮಿ ಇಲ್ಲದ ಕೂಲಿಯವ್ರನ್ನೂ ಗುತ್ತಿಗೆಯವ್ರನ್ನೂ ಸೇರಿಸಿದ್ರು, ಅಂದ್ರೆ ಮನಸ್ಸು ಮಾಡಿದ್ರೆ ಆಗುತ್ತೆ. ಬಿತ್ತೋನಿಗೆ ಬಿಟ್ಟು ರಾಜಾಜಿನಗರಕ್ಕೆ ದುಡ್ಡು ಹೋಗೋದು ನಂಗಂತೂ ತುಂಬಾ ನೋವು ಕೊಡೋ ವಿಷಯ, ಇದನ್ನ ಬರೀತಾ ಬರೀತಾ ಸಿಟ್ಟು ಬರುತ್ತೆ. ಸದ್ಯಕ್ಕೆ ಮಾವ ಓನರ್ ಹತ್ರ ಮುಂದಿನ ವರ್ಷದ ಗುತ್ತಿಗೆ ಮಾತಾಡುವಾಗ ಆ 6,000 ಕಳೆದು ಕೊಡ್ತೀನಿ ಅಂತ ಕೇಳಿ ನೋಡ್ಲಿ. ಒಪ್ಪಿದೋರು ಇದಾರೆ.

ಪ್ರಶ್ನೆ: ಅಕ್ಕಾ, ಹೋದ ವರ್ಷ ನಿಮಗೆ ಬರ್ದಿದ್ದೆ, ಶಿರಾ ಕಡೆ ಅಪ್ಪಂಗೆ ಬೋನಸ್ ದುಡ್ಡು 50,000 ಒಟ್ಟಿಗೆ ಕೊಡ್ಲಾ ಅಂತ ಕೇಳಿದ್ದೆ, ಕೊಡು ಲೆಕ್ಕ ಕೇಳ್ಬೇಡ ಅಂದಿದ್ರಿ. ಕೊಟ್ಟೆ. ಅಪ್ಪ 20,000 ಕೈಸಾಲ ತೀರಿಸಿದ್ರು, ಮೇಕೆ ತಂದ್ರು ಐದು, ಅದ್ರಲ್ಲಿ ಎರಡು ಕಾಯಿಲೆ ಬಂದು ಸತ್ತೋದ್ವು, ಉಳಿದ ದುಡ್ಡಲ್ಲಿ ಅಮ್ಮನ ಕಣ್ಣಿನ ಪೊರೆ ಆಪರೇಷನ್‌ಗೆ ಓಡಾಡಿ, ಮನೆ ಮುಂದೆ ಸಿಮೆಂಟ್ ಹಾಕ್ಸಿದ್ರು. ನಂಗೆ ಸಿಮೆಂಟ್ ಯಾಕೆ ಬೇಕಿತ್ತು ಅನ್ನಿಸ್ತು, ಕೇಳ್ಲಿಲ್ಲ. ಈಗ ಸಮಸ್ಯೆ ಏನಂದ್ರೆ ಬೇಡ ಅಂದ್ರೂ ಅಪ್ಪ ಪ್ರತಿ ಭಾನುವಾರ ಫೋನ್ ಮಾಡಿ ಒಂದೊಂದ್ ರೂಪಾಯಿ ಲೆಕ್ಕ ಒಪ್ಪಿಸ್ತಾರೆ. ನಂಗೆ ಕೇಳೋಕಾಗಲ್ಲ, ಅಳು ಬರುತ್ತೆ. ಏನ್ ಮಾಡ್ಲಿ? — ಕೆಂಗೇರಿಯಿಂದ

ಉತ್ತರ: ಸಿಮೆಂಟ್ ಹಾಕ್ಸಿದ್ದು ಯಾಕೆ ಅಂತ ನಂಗನ್ನಿಸೋದು ಹೇಳ್ಲಾ? ಕಣ್ಣು ಮಂಜಾಗಿರೋ ಅಮ್ಮ ಮಳೆಗಾಲದಲ್ಲಿ ಅಂಗಳದ ಕೆಸರಲ್ಲಿ ಜಾರ್ತಾರೆ ಅಂತ ಇರ್ಬೋದು, ಕಡ್ಲೆಕಾಯಿ ರಾಗಿ ಒಣಗಿಸೋಕೆ ಕಣ ಬೇಕಿತ್ತು ಅಂತ ಇರ್ಬೋದು. ಮೇಕೆ ಉಳಿದ ಮೂರಕ್ಕೆ ಪಶು ಆಸ್ಪತ್ರೇಲಿ ಲಸಿಕೆ ಹಾಕ್ಸೋಕೆ ಹೇಳಮ್ಮ, ಅದೊಂದು ಮರೀಬೇಡ.

ಅಪ್ಪಂಗೆ ಮಗಳ ದುಡ್ಡು ತಗೊಂಡಿದ್ದು ಎದೇಲಿ ಭಾರ ಇದೆ, ಲೆಕ್ಕ ಹೇಳಿದ್ರೆ ಸ್ವಲ್ಪ ಇಳಿಯುತ್ತೆ ಅವ್ರಿಗೆ, ಅದಕ್ಕೆ ಹೇಳ್ತಾರೆ. ಬಾಯಿ ಮುಚ್ಚಿಸ್ಬೇಡ. ಮುಂದಿನ ಭಾನುವಾರ ಅವ್ರು ಮಾಡೋಕೆ ಮುಂಚೆ ನೀನೇ ಫೋನ್ ಮಾಡು, ಮಳೆ ಬಂತಾ, ಮೇಕೆ ಯಾವ್ದಾದ್ರೂ ಗಬ್ಬ ಇದೆಯಾ, ಅಮ್ಮ ಈಗ ಸೂಜಿಗೆ ದಾರ ಪೋಣಿಸ್ತಾರಾ ಅಂತ ಕೇಳು. ನೀನು ಕೇಳೋದು ಇದನ್ನ ಅಂತ ಗೊತ್ತಾದ್ರೆ ಸ್ವಲ್ಪ ವಾರದಲ್ಲಿ ಅವರೂ ಇದನ್ನೇ ಹೇಳೋಕೆ ಶುರು ಮಾಡ್ತಾರೆ.